ಸ್ಟಾನ್ಲಿ ಮ್ಯಾಥ್ಯೂಸ್

ಸರ್ ಸ್ಟಾನ್ಲಿ ಮ್ಯಾಥ್ಯೂಸ್ (ಜನನ: ಫೆಬ್ರುವರಿ 1, 1915, ಮರಣ: ಫೆಬ್ರುವರಿ 23, 2000) ಇಂಗ್ಲೆಂಡಿನ ಪ್ರಸಿದ್ಧ ಫುಟ್‌ಬಾಲ್ ಆಟಗಾರರು. ಮೈದಾನದ ಬಲ ಅಂಚಿನಲ್ಲಿ ಆಡುವ ವಿಂಗರ್ ಆಗಿ ಅವರು ಸ್ಟೋಕ್ ಸಿಟಿ ಮತ್ತು ಬ್ಲ್ಯಾಕ್‌ಪೂಲ್ ಕ್ಲಬ್ಬುಗಳನ್ನು ಪ್ರತಿನಿಧಿಸಿದರು. ಇಂಗ್ಲೆಂಡ್ ತಂಡದ ಪರವಾಗಿ 54 ಅಧಿಕೃತ ಪಂದ್ಯಗಳನ್ನು ಆಡಿ 11 ಗೋಲುಗಳನ್ನು ಗಳಿಸಿದರು. 1956ರಲ್ಲಿ ಫ್ರಾನ್ಸಿನ ಪತ್ರಿಕೆಯೊಂದು ಯೂರೋಪಿನ ವರ್ಷದ ಶ್ರೇಷ್ಠ ಆಟಗಾರನಿಗೆಂದು ಬ್ಯಾಲನ್ ಡಿ'ಓರ್ ಪ್ರಶಸ್ತಿಯನ್ನು ಸ್ಥಾಪಿಸಿದಾಗ, ಅದಕ್ಕೆ ಮೊದಲು ಭಾಜನರಾದವರು ಇವರೇ. ಆಗ ಅವರ ವಯಸ್ಸು 41. ಇಂಗ್ಲೆಂಡಿನ ಅತ್ಯುನ್ನತ ದರ್ಜೆಯ ಲೀಗ್ ಪಂದ್ಯವನ್ನು ಐವತ್ತು ತುಂಬಿದ ಬಳಿಕವೂ ಆಡಿದ ಏಕೈಕ ಆಟಗಾರರೆಂದು ಅವರನ್ನು ಇಂದಿಗೂ ಸ್ಮರಿಸಲಾಗುತ್ತದೆ. ಅವರ ಕಾಲವು ಮುಗಿಯಿತೆಂದು ಕ್ಲಬ್ಬಿನ ವ್ಯವಸ್ಥಾಪಕರೂ ರಾಷ್ಟ್ರೀಯ ತಂಡದ ಆಯ್ಕೆಗಾರರೂ ಹಲವು ಬಾರಿ ತೀರ್ಮಾನಿಸಿದ್ದರು. ಆದರೆ ಆ ತೀರ್ಮಾನ ಪ್ರತಿ ಬಾರಿಯೂ ಸುಳ್ಳಾಯಿತು.

ಜನನ ಮತ್ತು ಬಾಲ್ಯ

ಮ್ಯಾಥ್ಯೂಸ್ ಜನಿಸಿದ್ದು ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಪ್ರಾಂತದ ಹ್ಯಾನ್ಲಿಯಲ್ಲಿ. ಪಿಂಗಾಣಿ ಪಾತ್ರೆಗಳ ತಯಾರಿಕೆಗೆ ಹೆಸರಾದ ಸ್ಟೋಕ್-ಆನ್-ಟ್ರೆಂಟ್ ನಗರವು ಆರು ಪಟ್ಟಣಗಳು ಕೂಡಿ ಆದದ್ದು. ಹ್ಯಾನ್ಲಿ ಅವುಗಳಲ್ಲಿ ಒಂದು. ಕುಲುಮೆಗಳ ಹೊಗೆ ಸದಾ ಕವಿದಿರುತ್ತಿದ್ದ ಆ ಊರಿನ ಜನರಿಗೆ ಶನಿವಾರದ ಮಧ್ಯಾಹ್ನದ ಫುಟ್‌ಬಾಲ್ ವಾರದ ದುಡಿಮೆಯಿಂದ ದೊರೆಯುತ್ತಿದ್ದ ಒಂದೇ ಬಿಡುವಾಗಿತ್ತು.

ತಂದೆ ಜ್ಯಾಕ್ ಮ್ಯಾಥ್ಯೂಸ್ ವೃತ್ತಿಯಿಂದ ಕ್ಷೌರಿಕ. ಜೊತೆಗೆ ಆ ಭಾಗದಲ್ಲಿ ಹೆಸರು ಮಾಡಿದ್ದ ಮುಷ್ಟಿಯುದ್ಧ ಪಟು. ನಾಲ್ವರು ಗಂಡುಮಕ್ಕಳಲ್ಲಿ ಸ್ಟಾನ್ಲಿ ಮೂರನೆಯವರು. ಮಕ್ಕಳನ್ನು ಬೆಳಗಿನ ಜಾವದಲ್ಲೇ ಎಬ್ಬಿಸಿ, ತೆರೆದ ಕಿಟಕಿಯ ಎದುರು ನಿಲ್ಲಿಸಿ, ದೀರ್ಘ ಉಸಿರಾಟದ ವ್ಯಾಯಾಮ ಮಾಡಿಸುವುದು ತಂದೆಯ ನಿತ್ಯದ ಕ್ರಮವಾಗಿತ್ತು. ಮಗನೂ ಮುಷ್ಟಿಯುದ್ಧಕ್ಕೆ ಇಳಿಯಬೇಕೆಂಬುದು ಅವರ ಆಸೆ. ಆದರೆ ಹುಡುಗನ ಮನಸ್ಸು ಚೆಂಡಿನ ಕಡೆಗಿತ್ತು. 1929ರಲ್ಲಿ ಇಂಗ್ಲೆಂಡಿನ ಶಾಲಾ ಬಾಲಕರ ತಂಡಕ್ಕೆ ಆಯ್ಕೆಯಾಗಿ ವೇಲ್ಸ್ ವಿರುದ್ಧ ಆಡಿದ ಮೇಲೆ ತಂದೆಯ ವಿರೋಧ ಕರಗಿತು. ಮಗ ತನ್ನ ದಾರಿಯನ್ನು ತಾನೇ ಹಿಡಿದರೂ, ಬೆಳಗಿನ ಆ ವ್ಯಾಯಾಮವನ್ನು ಮಾತ್ರ ಬಿಡಲಿಲ್ಲ. ಮುಂದಿನ ಇಡೀ ಕಥೆಗೆ ಈ ಅಭ್ಯಾಸವೇ ಬುನಾದಿ ಎನ್ನಬಹುದು.

ಸ್ಟೋಕ್ ಸಿಟಿಯಲ್ಲಿ ಮೊದಲ ಅವಧಿ

ಹದಿನಾಲ್ಕನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟ ಮ್ಯಾಥ್ಯೂಸ್, ಹದಿನೈದನೆಯ ವಯಸ್ಸಿನಲ್ಲಿ ಸ್ಟೋಕ್ ಸಿಟಿ ಕ್ಲಬ್ಬಿನ ಕಚೇರಿಯಲ್ಲಿ ಹುಡುಗನಾಗಿ ಕೆಲಸಕ್ಕೆ ಸೇರಿದರು. ಸಂಬಳ ವಾರಕ್ಕೆ ಒಂದು ಪೌಂಡ್. ಹದಿನೇಳು ತುಂಬಿದ ದಿನವೇ ಅವರು ವೃತ್ತಿಪರ ಆಟಗಾರನಾಗಿ ಕರಾರಿಗೆ ಸಹಿ ಹಾಕಿದರು. ಆಟದ ಋತುವಿನಲ್ಲಿ ವಾರಕ್ಕೆ ಐದು ಪೌಂಡ್, ಬೇಸಿಗೆಯಲ್ಲಿ ಮೂರು ಪೌಂಡ್ ಎಂದು ನಿಗದಿಯಾಯಿತು. 1932ರ ಮಾರ್ಚ್ 19ರಂದು ಬರಿ ತಂಡದ ವಿರುದ್ಧ ಅವರು ತಮ್ಮ ಮೊದಲ ಲೀಗ್ ಪಂದ್ಯ ಆಡಿದರು. ಮರುವರ್ಷ ಸ್ಟೋಕ್ ಎರಡನೆಯ ವಿಭಾಗದ ಪ್ರಶಸ್ತಿ ಗೆದ್ದು ಮೊದಲ ವಿಭಾಗಕ್ಕೆ ಏರಿತು.

1934ರಲ್ಲಿ ಅವರು ಕ್ಲಬ್ಬಿನ ತರಬೇತುದಾರ ಜಿಮ್ಮಿ ವ್ಯಾಲೆನ್ಸ್ ಅವರ ಮಗಳು ಬೆಟ್ಟಿಯನ್ನು ವಿವಾಹವಾದರು. ಅದೇ ವರ್ಷದ ಸೆಪ್ಟೆಂಬರ್ 29ರಂದು ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧ ಇಂಗ್ಲೆಂಡಿನ ಪರವಾಗಿ ಮೊದಲ ಬಾರಿ ಕಣಕ್ಕಿಳಿದು ಒಂದು ಗೋಲನ್ನೂ ಗಳಿಸಿದರು. ಎರಡು ತಿಂಗಳೊಳಗೆ ಲಂಡನ್ನಿನ ಹೈಬರಿ ಮೈದಾನದಲ್ಲಿ ವಿಶ್ವ ಚಾಂಪಿಯನ್ ಇಟಲಿಯ ವಿರುದ್ಧ ನಡೆದ ಪಂದ್ಯ, ಆಟಕ್ಕಿಂತ ಹೆಚ್ಚಾಗಿ ಕಾದಾಟವೆಂದೇ ಚರಿತ್ರೆಯಲ್ಲಿ ದಾಖಲಾಗಿದೆ. ಇಂಗ್ಲೆಂಡ್ 3-2ರಿಂದ ಗೆದ್ದಿತು. ಹತ್ತೊಂಬತ್ತರ ಮ್ಯಾಥ್ಯೂಸ್ ಆ ದಿನ ವಿಶೇಷವಾಗಿ ಮಿಂಚಲಿಲ್ಲ. ಅವರ ಸಾಮರ್ಥ್ಯದ ಬಗ್ಗೆ ಆಯ್ಕೆಗಾರರಲ್ಲಿ ಸಂಶಯ ಮೂಡಲು ಅಲ್ಲಿಂದಲೇ ಆರಂಭ. 1937ರ ಡಿಸೆಂಬರ್‌ನಲ್ಲಿ ಚೆಕೊಸ್ಲೊವಾಕಿಯಾ ವಿರುದ್ಧ ಮೂರು ಗೋಲು ಹೊಡೆದು ಇಂಗ್ಲೆಂಡಿಗೆ 5-4ರ ಗೆಲುವು ತಂದುಕೊಟ್ಟ ಮೇಲೆ ಆ ಸಂಶಯ ಕೆಲಕಾಲ ಅಡಗಿತು.

1938ರ ಮೇ 14ರಂದು ಬರ್ಲಿನ್ನಿನಲ್ಲಿ ಜರ್ಮನಿಯ ವಿರುದ್ಧ ನಡೆದ ಪಂದ್ಯವನ್ನು ಇಂಗ್ಲೆಂಡ್ 6-3ರಿಂದ ಗೆದ್ದಿತು. ಅದರಲ್ಲಿ ಒಂದು ಗೋಲು ಮ್ಯಾಥ್ಯೂಸ್ ಅವರದು. ಆದರೆ ಆ ಪಂದ್ಯ ನೆನಪಿನಲ್ಲಿ ಉಳಿದಿರುವುದು ಗೋಲುಗಳಿಗಾಗಿ ಅಲ್ಲ. ಪಂದ್ಯಕ್ಕೆ ಮೊದಲು ಇಂಗ್ಲೆಂಡಿನ ಆಟಗಾರರೆಲ್ಲರೂ ಅಧಿಕಾರಿಗಳ ಆದೇಶದಂತೆ ಬಲಗೈ ಚಾಚಿ ನಾಜಿ ವಂದನೆ ಸಲ್ಲಿಸಿದರು. ಸಾಲಾಗಿ ಕೈಚಾಚಿ ನಿಂತ ಆ ಹನ್ನೊಂದು ಜನರ ಛಾಯಾಚಿತ್ರ ಬ್ರಿಟಿಷ್ ಕ್ರೀಡಾ ಇತಿಹಾಸದ ಅತ್ಯಂತ ಮುಜುಗರದ ಚಿತ್ರಗಳಲ್ಲಿ ಒಂದಾಗಿ ಉಳಿಯಿತು.

ಅದೇ ವರ್ಷದ ಫೆಬ್ರುವರಿಯಲ್ಲಿ ವ್ಯವಸ್ಥಾಪಕ ಬಾಬ್ ಮೆಗ್ರೊರಿ ಅವರೊಂದಿಗಿನ ಭಿನ್ನಾಭಿಪ್ರಾಯದಿಂದ ಮ್ಯಾಥ್ಯೂಸ್ ವರ್ಗಾವಣೆ ಕೋರಿದ್ದರು. ಸುದ್ದಿ ತಿಳಿದ ಊರಿನವರು ಸಭೆ ಸೇರಿದರು. ಸಭಾಂಗಣದೊಳಗೆ ಮೂರು ಸಾವಿರ ಜನ. ಒಳಗೆ ಜಾಗ ಸಾಲದೆ ಹೊರಗೆ ನಿಂತವರು ಇನ್ನೆಷ್ಟೋ ಮಂದಿ. ಒಬ್ಬ ಆಟಗಾರ ಊರು ಬಿಡಬಾರದೆಂದು ಕಾರ್ಮಿಕರು ಹೀಗೆ ಒಟ್ಟುಗೂಡಿದ್ದು ಅಪರೂಪದ ಸಂಗತಿ. ಮ್ಯಾಥ್ಯೂಸ್ ತಮ್ಮ ಕೋರಿಕೆಯನ್ನು ಹಿಂತೆಗೆದುಕೊಂಡರು.

ಇಲ್ಲಿ ಅಂದಿನ ವ್ಯವಸ್ಥೆಯ ಬಗ್ಗೆ ಒಂದು ಮಾತು ಅಗತ್ಯ. ಆಗ ಆಟಗಾರನ ನೋಂದಣಿ ಕ್ಲಬ್ಬಿನ ಸ್ವತ್ತಾಗಿತ್ತು. ಕರಾರಿನ ಅವಧಿ ಮುಗಿದರೂ ಕ್ಲಬ್ಬಿನ ಒಪ್ಪಿಗೆಯಿಲ್ಲದೆ ಬೇರೆಡೆ ಆಡುವಂತಿರಲಿಲ್ಲ. ಸಂಬಳಕ್ಕೂ ಮೇಲ್ಮಿತಿ ಇತ್ತು. 1930ರ ದಶಕದಲ್ಲಿ ಅದು ಋತುವಿನಲ್ಲಿ ವಾರಕ್ಕೆ ಎಂಟು ಪೌಂಡ್. ಸಾವಿರಾರು ಜನರನ್ನು ಮೈದಾನಕ್ಕೆ ಸೆಳೆಯುತ್ತಿದ್ದ ಮ್ಯಾಥ್ಯೂಸ್ ಅವರಿಗೂ ಅದೇ ಮಿತಿ, ಅವರ ಪಕ್ಕದಲ್ಲಿ ಆಡುವ ಸಾಧಾರಣ ಆಟಗಾರನಿಗೂ ಅದೇ ಮಿತಿ.

ಯುದ್ಧಕಾಲ ಮತ್ತು ಸ್ಟೋಕ್‌ನಿಂದ ನಿರ್ಗಮನ

ಎರಡನೆಯ ಮಹಾಯುದ್ಧವು ಮ್ಯಾಥ್ಯೂಸ್ ಅವರ 24ರಿಂದ 30ರವರೆಗಿನ ವರ್ಷಗಳನ್ನು, ಅಂದರೆ ಯಾವುದೇ ಆಟಗಾರನ ಅತ್ಯುತ್ತಮ ವರ್ಷಗಳನ್ನು, ನುಂಗಿಹಾಕಿತು. ವಾಯುಪಡೆಗೆ ಸೇರಿದ ಅವರನ್ನು ಸಮುದ್ರತೀರದ ಬ್ಲ್ಯಾಕ್‌ಪೂಲ್ ಪಟ್ಟಣದ ಬಳಿ ನೇಮಿಸಲಾಗಿತ್ತು. ಆ ಪಟ್ಟಣದ ಕ್ಲಬ್ಬಿಗೆ ಅತಿಥಿ ಆಟಗಾರನಾಗಿ ಆಡಿದರು. ಇಂಗ್ಲೆಂಡಿನ ಪರವಾಗಿಯೂ ಅನೇಕ ಪಂದ್ಯಗಳನ್ನು ಆಡಿದರು. ಯುದ್ಧಕಾಲದ ಆ ಪಂದ್ಯಗಳು ಅಧಿಕೃತ ಲೆಕ್ಕಕ್ಕೆ ಸೇರಿಲ್ಲ. 1945ರಲ್ಲಿ ತಂದೆ ತೀರಿಕೊಂಡರು. ಮಗ ಎಫ್‌ಎ ಕಪ್ ಗೆದ್ದ ಪದಕವನ್ನು ಪಡೆಯಬೇಕೆಂಬುದು ಮರಣಶಯ್ಯೆಯಲ್ಲಿ ತಂದೆ ಮುಂದಿಟ್ಟ ಆಸೆಯಾಗಿತ್ತು.

1946ರ ಮಾರ್ಚ್ 9ರಂದು ಅದೇ ಕಪ್ಪಿನ ಪಂದ್ಯಕ್ಕಾಗಿ ಸ್ಟೋಕ್ ತಂಡ ಬೋಲ್ಟನ್ನಿನ ಬರ್ನ್ಡನ್ ಪಾರ್ಕ್ ಮೈದಾನಕ್ಕೆ ಹೋಯಿತು. ಮಿತಿಮೀರಿ ಸೇರಿದ ಜನಸಂದಣಿಯ ಒತ್ತಡಕ್ಕೆ ತಡೆಗಂಬಿಗಳು ಮುರಿದು 33 ಮಂದಿ ಪ್ರಾಣ ಕಳೆದುಕೊಂಡರು. ಮೃತದೇಹಗಳು ಮೈದಾನದ ಅಂಚಿನಲ್ಲಿರುವಾಗಲೇ ಆಟವನ್ನು ಮುಂದುವರಿಸಲಾಯಿತು. ಆ ದಿನದ ಪಂದ್ಯದಲ್ಲಿ ಆಡಿದವರಲ್ಲಿ ಮ್ಯಾಥ್ಯೂಸ್ ಒಬ್ಬರು.

ಮೆಗ್ರೊರಿ ಅವರೊಂದಿಗಿನ ಸಂಬಂಧ ಮತ್ತೆ ಹದಗೆಟ್ಟಿತು. ಗಾಯದಿಂದ ಚೇತರಿಸಿಕೊಂಡ ಮ್ಯಾಥ್ಯೂಸ್ ಅವರಿಗೆ ಮೀಸಲು ತಂಡದಲ್ಲಿ ಆಡುವಂತೆ ಸೂಚಿಸಲಾಯಿತು, ಅವರು ಒಪ್ಪಲಿಲ್ಲ. ಕೊನೆಗೆ 1947ರ ಮೇ ತಿಂಗಳಲ್ಲಿ 11,500 ಪೌಂಡುಗಳಿಗೆ ಅವರನ್ನು ಬ್ಲ್ಯಾಕ್‌ಪೂಲ್ ಕ್ಲಬ್ಬಿಗೆ ಮಾರಲಾಯಿತು. ಆಗ ಸ್ಟೋಕ್ ಲೀಗ್ ಪ್ರಶಸ್ತಿಯ ಸ್ಪರ್ಧೆಯಲ್ಲಿತ್ತು; ಕೆಲವೇ ಪಂದ್ಯಗಳು ಉಳಿದಿದ್ದವು. ಕೊನೆಯ ಪಂದ್ಯದಲ್ಲಿ ಶೆಫೀಲ್ಡ್ ಯುನೈಟೆಡ್ ವಿರುದ್ಧ ಸೋತ ಸ್ಟೋಕ್, ಕೇವಲ ಎರಡು ಅಂಕಗಳಿಂದ ಪ್ರಶಸ್ತಿ ಕಳೆದುಕೊಂಡಿತು. ಆ ಕ್ಲಬ್ಬು ಇಂದಿನವರೆಗೂ ಇಂಗ್ಲೆಂಡಿನ ಲೀಗ್ ಚಾಂಪಿಯನ್ ಆಗಿಲ್ಲ.

ಆಟದ ಶೈಲಿ

ಮ್ಯಾಥ್ಯೂಸ್ ಅವರ ಆಟದಲ್ಲಿ ಹೆಚ್ಚಿನ ತಂತ್ರಗಳಿರಲಿಲ್ಲ. ಇದ್ದದ್ದು ಮುಖ್ಯವಾಗಿ ಒಂದೇ. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಅವರು ಎದುರಾಳಿಯ ಲೆಫ್ಟ್ ಬ್ಯಾಕ್ ಆಟಗಾರನ ಬಳಿಗೆ ನಿಧಾನವಾಗಿ, ಬಹುಮಟ್ಟಿಗೆ ನಡೆಯುತ್ತಲೇ ಬರುತ್ತಿದ್ದರು. ತಾವಾಗಿ ಮೇಲೆ ಬೀಳದೆ ಅವನೇ ಮುಂದಡಿ ಇಡಲೆಂದು ಕಾಯುತ್ತಿದ್ದರು. ಆಮೇಲೆ ಸೊಂಟದಿಂದ ಮೇಲಿನ ದೇಹವನ್ನು ಎಡಕ್ಕೆ ವಾಲಿಸುತ್ತಿದ್ದರು. ಎದುರಾಳಿ ಆ ಕಡೆಗೆ ತೂಕ ಹಾಕಿದ ಕ್ಷಣದಲ್ಲಿ ಬಲಗಾಲಿನ ಹೊರಬದಿಯಿಂದ ಚೆಂಡನ್ನು ಬಲಕ್ಕೆ ತಳ್ಳಿ ನಾಲ್ಕಾರು ಗಜಗಳಷ್ಟು ದೂರ ಮಿಂಚಿನಂತೆ ನುಗ್ಗುತ್ತಿದ್ದರು. ಆ ನಾಲ್ಕಾರು ಗಜಗಳಲ್ಲಿ ಅವರನ್ನು ಹಿಡಿಯುವವರಿರಲಿಲ್ಲ. ಅವರು ಯಾವ ಕಡೆಗೆ ಹೋಗುತ್ತಾರೆಂಬುದು ಎದುರಾಳಿಗೂ ಮೈದಾನದಲ್ಲಿದ್ದ ಎಲ್ಲರಿಗೂ ಮೊದಲೇ ತಿಳಿದಿರುತ್ತಿತ್ತು. ಆದರೂ ತಡೆಯಲು ಆಗುತ್ತಿರಲಿಲ್ಲ ಎಂಬುದೇ ಸೋಜಿಗ. ಡ್ರಿಬ್ಲಿಂಗ್ ಮಾಂತ್ರಿಕ ಎಂಬ ಬಿರುದು ಬಂದದ್ದು ಈ ಕಾರಣಕ್ಕೆ.

ಅವರ ಆಟಕ್ಕೆ ಮಿತಿಗಳೂ ಇದ್ದವು. ಅವರು ತಲೆಯಿಂದ ಚೆಂಡನ್ನು ಹೊಡೆಯುತ್ತಿದ್ದುದು ವಿರಳ. ರಕ್ಷಣೆಗೆಂದು ಹಿಂದಕ್ಕೆ ಓಡುತ್ತಿದ್ದುದೂ ವಿರಳ. ಬ್ಲ್ಯಾಕ್‌ಪೂಲ್ ಪರವಾಗಿ ಆಡಿದ 379 ಲೀಗ್ ಪಂದ್ಯಗಳಲ್ಲಿ ಅವರು ಗಳಿಸಿದ ಗೋಲುಗಳು ಕೇವಲ 17. ಚೆಂಡನ್ನು ಬಹಳ ಹೊತ್ತು ಇಟ್ಟುಕೊಂಡು ದಾಳಿಯ ವೇಗವನ್ನು ಕುಂದಿಸುತ್ತಾರೆಂಬುದು ಟೀಕಾಕಾರರ ಮುಖ್ಯ ಆಕ್ಷೇಪ. ಈ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಅವರು ಒಬ್ಬರನ್ನು ದಾಟಿದೊಡನೆ ಎದುರಾಳಿ ರಕ್ಷಣೆಯ ಮತ್ತಿಬ್ಬರು ತಮ್ಮ ಜಾಗ ಬಿಟ್ಟು ಬರಬೇಕಾಗುತ್ತಿತ್ತು. ಅದರಿಂದ ತೆರವಾದ ಜಾಗದಲ್ಲಿ ಗೋಲು ಗಳಿಸಿದವರು ಬೇರೆಯವರು. ಅವರ ಹೆಸರಿನ ಮುಂದಿರುವ ಗೋಲುಗಳನ್ನಷ್ಟೇ ಎಣಿಸಿದರೆ ಈ ಲೆಕ್ಕ ಸಿಗುವುದಿಲ್ಲ. ಅಂದಿನ ಚರ್ಮದ ಚೆಂಡಿಗೆ ಹೊರಗೆ ದಾರದ ಹೊಲಿಗೆ ಇರುತ್ತಿತ್ತು. ಮ್ಯಾಥ್ಯೂಸ್ ಒದ್ದ ಚೆಂಡು ಬರುವಾಗ ಹೊಲಿಗೆ ಸದಾ ಆಚೆ ಬದಿಗಿದ್ದು ತಲೆಗೆ ತಾಗುತ್ತಿರಲಿಲ್ಲವೆಂಬ ಮಾತು ಆಟಗಾರರಲ್ಲಿ ಪ್ರಚಲಿತವಾಗಿತ್ತು. ಇದನ್ನು ಅಕ್ಷರಶಃ ನಂಬಬೇಕಾಗಿಲ್ಲ.

ವೃತ್ತಿಜೀವನದುದ್ದಕ್ಕೂ ರೆಫರಿಗಳಿಂದ ಒಂದು ಬಾರಿಯೂ ಶಿಸ್ತುಕ್ರಮಕ್ಕೆ ಒಳಗಾಗದ ಆಟಗಾರರವರು. ಅವರನ್ನು ತಡೆಯಲು ಎದುರಾಳಿಗಳು ಅವರ ಕಾಲಿಗೇ ಒದೆಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಬ್ಲ್ಯಾಕ್‌ಪೂಲ್ ಮತ್ತು 1953ರ ಫೈನಲ್

32ರ ವಯಸ್ಸಿನ ಆಟಗಾರನಿಗೆ ಅಷ್ಟು ಹಣ ಕೊಟ್ಟದ್ದು ದುಂದು ಎಂದು ಭಾವಿಸಿದವರಿದ್ದರು. ಬ್ಲ್ಯಾಕ್‌ಪೂಲ್ ವ್ಯವಸ್ಥಾಪಕ ಜೋ ಸ್ಮಿತ್ ಹಾಗೆ ಭಾವಿಸಲಿಲ್ಲ. ಮ್ಯಾಥ್ಯೂಸ್ ತಮಗೆ ತೋಚಿದಂತೆ ಆಡಲು ಬಿಟ್ಟರು. 1948ರಲ್ಲಿ ಫುಟ್‌ಬಾಲ್ ಬರಹಗಾರರ ಸಂಘವು ಮೊದಲ ಬಾರಿಗೆ ನೀಡಿದ ವರ್ಷದ ಆಟಗಾರ ಪ್ರಶಸ್ತಿ ಅವರಿಗೆ ಸಂದಿತು. ಅದೇ ವರ್ಷ ಎಫ್‌ಎ ಕಪ್ ಫೈನಲ್‌ನಲ್ಲಿ ಬ್ಲ್ಯಾಕ್‌ಪೂಲ್ ತಂಡವು ಮ್ಯಾಂಚೆಸ್ಟರ್ ಯುನೈಟೆಡ್‌ಗೆ 4-2ರಿಂದ ಸೋತಿತು. 1951ರ ಫೈನಲ್‌ನಲ್ಲಿ ನ್ಯೂಕಾಸಲ್ ಎದುರು 2-0ರಿಂದ ಮತ್ತೆ ಸೋಲು. ತಂದೆಯ ಆಸೆ ಹಾಗೆಯೇ ಉಳಿಯಿತು.

1953ರ ಮೇ 2ರಂದು ವೆಂಬ್ಲಿ ಕ್ರೀಡಾಂಗಣದಲ್ಲಿ ಬೋಲ್ಟನ್ ವಾಂಡರರ್ಸ್ ವಿರುದ್ಧ ಮೂರನೆಯ ಫೈನಲ್ ನಡೆಯಿತು. ಪಟ್ಟಾಭಿಷೇಕಕ್ಕೆ ಒಂದು ತಿಂಗಳಿರುವಾಗ ರಾಣಿ ಎರಡನೆಯ ಎಲಿಜಬೆತ್ ಪಂದ್ಯಕ್ಕೆ ಬಂದಿದ್ದರು. 38ರ ಮ್ಯಾಥ್ಯೂಸ್ ಅವರಿಗೆ ಇದೇ ಕೊನೆಯ ಅವಕಾಶವೆಂದು ದೇಶವೆಲ್ಲ ನಂಬಿತ್ತು. ಬೋಲ್ಟನ್ ಬೆಂಬಲಿಗರನ್ನು ಬಿಟ್ಟರೆ ಉಳಿದವರೆಲ್ಲರ ಹಾರೈಕೆ ಅವರ ಕಡೆಗಿತ್ತು. ಆದರೆ ಎರಡನೆಯ ನಿಮಿಷದಲ್ಲೇ ನ್ಯಾಟ್ ಲಾಫ್ಟ್‌ಹೌಸ್ ಬೋಲ್ಟನ್ ಪರ ಗೋಲು ಗಳಿಸಿದರು. ಸ್ಟ್ಯಾನ್ ಮಾರ್ಟೆನ್ಸನ್ ಸಮ ಮಾಡಿದರೂ, ದ್ವಿತೀಯಾರ್ಧದ ಮೊದಲ ಹತ್ತು ನಿಮಿಷಗಳಲ್ಲಿ ಬೋಲ್ಟನ್ 3-1ರಿಂದ ಮುಂದಿತ್ತು. ಮೂರನೆಯ ಗೋಲನ್ನು ಗಳಿಸಿದವರು ಸ್ನಾಯು ಸೆಳೆತದಿಂದ ಕುಂಟುತ್ತಿದ್ದ ಎರಿಕ್ ಬೆಲ್.

ಬೋಲ್ಟನ್ ಅಂದು ಅನುಭವಿಸಿದ ಸಂಕಷ್ಟವನ್ನು ಮರೆಯುವಂತಿಲ್ಲ. ಆಗ ಬದಲಿ ಆಟಗಾರರಿಗೆ ಅವಕಾಶವಿರಲಿಲ್ಲ. ಬೆಲ್ ನಡೆದಾಡುವುದೇ ಕಷ್ಟವಾಗಿತ್ತು. ಮ್ಯಾಥ್ಯೂಸ್ ಅವರನ್ನು ತಡೆಯಬೇಕಾಗಿದ್ದ ಲೆಫ್ಟ್ ಬ್ಯಾಕ್ ರಾಲ್ಫ್ ಬ್ಯಾಂಕ್ಸ್ ಅವರ ಕಾಲುಗಳೂ ಹಿಡಿದುಕೊಳ್ಳತೊಡಗಿದವು. ಇದನ್ನರಿತ ಬ್ಲ್ಯಾಕ್‌ಪೂಲ್ ತಂಡದ ಎರ್ನಿ ಟೇಲರ್ ಚೆಂಡನ್ನು ಮತ್ತೆ ಮತ್ತೆ ಬಲ ಅಂಚಿಗೇ ಕಳುಹಿಸಿದರು. 68ನೆಯ ನಿಮಿಷದಲ್ಲಿ ಮ್ಯಾಥ್ಯೂಸ್ ಒದ್ದ ಚೆಂಡನ್ನು ಗೋಲ್‌ಕೀಪರ್ ಹಿಡಿಯಲಾರದೆ ಹೋದಾಗ ಮಾರ್ಟೆನ್ಸನ್ ಅದನ್ನು ಒಳಕ್ಕೆ ತಳ್ಳಿದರು. ಆಟ ಮುಗಿಯಲು ಒಂದೆರಡು ನಿಮಿಷಗಳಿರುವಾಗ ಮಾರ್ಟೆನ್ಸನ್ ಫ್ರೀ ಕಿಕ್‌ನಿಂದ ನೇರವಾಗಿ ಗೋಲು ಹೊಡೆದು 3-3 ಮಾಡಿದರು. ಹೆಚ್ಚುವರಿ ಸಮಯದ ನಿಮಿಷಗಳಲ್ಲಿ ಮ್ಯಾಥ್ಯೂಸ್ ಮತ್ತೊಮ್ಮೆ ಬಲಕ್ಕೆ ನುಗ್ಗಿ, ಗೋಲು ಗೆರೆಯವರೆಗೂ ಹೋಗಿ, ಚೆಂಡನ್ನು ಹಿಂದಕ್ಕೆ ಎಳೆದರು. ಒದೆಯುವಾಗ ಅವರು ಜಾರಿದರೂ ಚೆಂಡು ಬಿಲ್ ಪೆರಿಯ ಕಾಲಿಗೆ ಸೇರಿತು. 4-3.

ಈ ಪಂದ್ಯ ಮ್ಯಾಥ್ಯೂಸ್ ಫೈನಲ್ ಎಂದೇ ಪ್ರಸಿದ್ಧ. ಇದು ಪೂರ್ಣ ನ್ಯಾಯವಲ್ಲ. ವೆಂಬ್ಲಿಯಲ್ಲಿ ನಡೆದ ಎಫ್‌ಎ ಕಪ್ ಫೈನಲ್‌ಗಳಲ್ಲಿ ಮೊದಲ ಹ್ಯಾಟ್ರಿಕ್ ಗಳಿಸಿದವರು ಅಂದಿನ ಮಾರ್ಟೆನ್ಸನ್. ಅವರ ಹೆಸರು ಮರೆಯಾಗಿ ತಮ್ಮ ಹೆಸರು ಉಳಿದದ್ದರ ಬಗ್ಗೆ ಮ್ಯಾಥ್ಯೂಸ್ ಅವರಿಗೇ ಸಂಕೋಚವಿತ್ತು. ಆ ಹೆಸರನ್ನು ಅವರು ಎಂದೂ ಒಪ್ಪಲಿಲ್ಲ.

ಇಂಗ್ಲೆಂಡ್ ತಂಡ ಮತ್ತು ಆಯ್ಕೆಗಾರರು

ಇಂಗ್ಲೆಂಡ್ ತಂಡವನ್ನು ಆಗ ಆರಿಸುತ್ತಿದ್ದುದು ವ್ಯವಸ್ಥಾಪಕರಲ್ಲ, ಸಮಿತಿ. ಯುದ್ಧಾನಂತರ ಅದೇ ಬಲ ಅಂಚಿಗೆ ಪ್ರೆಸ್ಟನ್ ಕ್ಲಬ್ಬಿನ ಟಾಮ್ ಫಿನ್ನಿ ಎಂಬ ಮತ್ತೊಬ್ಬ ಮಹಾನ್ ಆಟಗಾರರು ಬಂದಿದ್ದರು. ಎರಡು ಕಾಲುಗಳಿಂದಲೂ ಆಡಬಲ್ಲ, ಗೋಲು ಗಳಿಸಬಲ್ಲ ಫಿನ್ನಿಯೇ ಮೇಲೆಂದು ವಾದಿಸಿದವರು ಕಡಿಮೆಯಲ್ಲ. 1947ರಲ್ಲಿ ಲಿಸ್ಬನ್ನಿನಲ್ಲಿ ಇಬ್ಬರನ್ನೂ ಒಟ್ಟಿಗೆ, ಫಿನ್ನಿಯನ್ನು ಎಡಕ್ಕೆ ಹಾಕಿ ಆಡಿಸಿದಾಗ ಇಂಗ್ಲೆಂಡ್ ಪೋರ್ಚುಗಲ್ ತಂಡವನ್ನು 10-0ರಿಂದ ಸೋಲಿಸಿತು. ಹೀಗಿದ್ದರೂ ಸಮಿತಿ ಇಬ್ಬರಲ್ಲಿ ಒಬ್ಬರನ್ನು ಆರಿಸುವ ಗೊಂದಲದಿಂದ ಹೊರಬರಲಿಲ್ಲ.

1950ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ವಿಶ್ವಕಪ್‌ಗೆ ಇಂಗ್ಲೆಂಡ್ ಮೊದಲ ಬಾರಿ ಹೋಯಿತು. ಅಮೆರಿಕದ ವಿರುದ್ಧದ ಪಂದ್ಯದಲ್ಲಿ ಮ್ಯಾಥ್ಯೂಸ್ ಅವರನ್ನು ಆಡಿಸದೆ, ಹಿಂದಿನ ಪಂದ್ಯ ಗೆದ್ದ ತಂಡವನ್ನೇ ಉಳಿಸಿಕೊಳ್ಳಲಾಯಿತು. ಇಂಗ್ಲೆಂಡ್ 1-0ರಿಂದ ಸೋತು ಜಗತ್ತನ್ನು ಬೆರಗುಗೊಳಿಸಿತು. ಮುಂದಿನ ಪಂದ್ಯದಲ್ಲಿ ಅವರನ್ನು ಸೇರಿಸಿಕೊಂಡರೂ ಸ್ಪೇನ್ ಎದುರು ಸೋಲು ತಪ್ಪಲಿಲ್ಲ. ಆ ಪ್ರವಾಸದಿಂದ ಮ್ಯಾಥ್ಯೂಸ್ ಒಂದು ಲಾಭವನ್ನು ಪಡೆದರು. ದಕ್ಷಿಣ ಅಮೆರಿಕದ ಆಟಗಾರರು ತೊಡುತ್ತಿದ್ದ ಹಗುರವಾದ ಬೂಟುಗಳನ್ನು ಗಮನಿಸಿ, ಊರಿಗೆ ಮರಳಿದ ಮೇಲೆ ಅಂಥವನ್ನೇ ಮಾಡಿಸಿಕೊಂಡರು. ಅವು ಕೆಲವೇ ಪಂದ್ಯಗಳಲ್ಲಿ ಹರಿದುಹೋಗುತ್ತಿದ್ದವು.

ನಂತರದ ವರ್ಷಗಳಲ್ಲಿ ಅವರನ್ನು ಬಹುಮಟ್ಟಿಗೆ ಕೈಬಿಡಲಾಗಿತ್ತು. 1953ರ ಫೈನಲ್ ಬಳಿಕ ಮತ್ತೆ ಕರೆಸಿಕೊಳ್ಳಲಾಯಿತು. ಅದೇ ನವೆಂಬರ್‌ನಲ್ಲಿ ಹಂಗೇರಿ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಮಣಿಸಿದಾಗಲೂ, 1954ರ ವಿಶ್ವಕಪ್ಪಿನಲ್ಲೂ ಅವರು ಆಡಿದರು. 1955ರ ಏಪ್ರಿಲ್‌ನಲ್ಲಿ ಸ್ಕಾಟ್ಲೆಂಡನ್ನು 7-2ರಿಂದ ಸೋಲಿಸಿದ ತಂಡದಲ್ಲಿ 40ರ ಮ್ಯಾಥ್ಯೂಸ್ ಜೊತೆಗೆ 18ರ ಡಂಕನ್ ಎಡ್ವರ್ಡ್ಸ್ ಮೊದಲ ಬಾರಿ ಆಡಿದರು. ಮ್ಯಾಥ್ಯೂಸ್ ಇಂಗ್ಲೆಂಡಿಗೆ ಮೊದಲು ಆಡಿದಾಗ ಎಡ್ವರ್ಡ್ಸ್ ಇನ್ನೂ ಹುಟ್ಟಿರಲಿಲ್ಲ. 1956ರ ಮೇ ತಿಂಗಳಲ್ಲಿ ಬ್ರೆಜಿಲ್ ವಿರುದ್ಧ 4-2ರ ಗೆಲುವಿನಲ್ಲಿ ಅವರು ಜಗತ್ತಿನ ಶ್ರೇಷ್ಠ ಲೆಫ್ಟ್ ಬ್ಯಾಕ್ ಎನಿಸಿದ್ದ ನಿಲ್ಟನ್ ಸ್ಯಾಂಟೋಸ್ ಅವರನ್ನು ಹಲವು ಬಾರಿ ದಾಟಿ ಹೋದರು. ಆ ವರ್ಷದ ಬ್ಯಾಲನ್ ಡಿ'ಓರ್ ಮತಗಣನೆಯಲ್ಲಿ ಅವರಿಗೆ 47 ಅಂಕ, ರಿಯಲ್ ಮ್ಯಾಡ್ರಿಡ್‌ನ ಆಲ್ಫ್ರೆಡೊ ಡಿ ಸ್ಟೆಫಾನೊ ಅವರಿಗೆ 44 ಅಂಕ ಬಂದವು. 1957ರ ಮೇ 15ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್ ವಿರುದ್ಧ ಆಡಿದ್ದು ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ. ಆಗ ಅವರಿಗೆ 42 ವರ್ಷ. ಇಂಗ್ಲೆಂಡಿನ ಪರವಾಗಿ ಆಡಿದ ಅತ್ಯಂತ ಹಿರಿಯ ಆಟಗಾರರೆಂಬ ದಾಖಲೆ ಅವರದೇ.

ದಿನಚರಿ

ಮ್ಯಾಥ್ಯೂಸ್ ಮದ್ಯಪಾನ, ಧೂಮಪಾನಗಳಿಂದ ದೂರವಿದ್ದರು. ಧೂಮಪಾನ ಮಾಡದ ಅವರು ಒಮ್ಮೆ ಸಿಗರೇಟಿನ ಜಾಹೀರಾತಿನಲ್ಲಿ ಕಾಣಿಸಿಕೊಂಡದ್ದೂ ಉಂಟು. ಸಂಬಳಕ್ಕೆ ಮಿತಿಯಿದ್ದ ಕಾಲದಲ್ಲಿ ಆಟಗಾರರು ಜಾಹೀರಾತಿನ ಹಣವನ್ನು ಬಿಡುವಂತಿರಲಿಲ್ಲ. ಬ್ಲ್ಯಾಕ್‌ಪೂಲ್‌ನಲ್ಲಿದ್ದಾಗ ಪ್ರತಿ ಮುಂಜಾನೆ ಕಡಲತೀರದಲ್ಲಿ ಒಬ್ಬರೇ ಅಭ್ಯಾಸ ಮಾಡುತ್ತಿದ್ದರು. ದೂರದ ಓಟಕ್ಕಿಂತ ಚಿಕ್ಕ ಅಂತರದ ರಭಸದ ಓಟಕ್ಕೆ ಒತ್ತು ಕೊಡುತ್ತಿದ್ದರು. ಮೈದಾನದಲ್ಲಿ ಬೇಕಾಗುತ್ತಿದ್ದುದು ಅದೇ. ತರಕಾರಿ, ಹಣ್ಣುಗಳಿಗೆ ಆಹಾರದಲ್ಲಿ ಮುಖ್ಯ ಸ್ಥಾನ. ಸೋಮವಾರಗಳಂದು ಉಪವಾಸ. ಕನ್ನಡ ಓದುಗರಿಗೆ ಸೋಮವಾರದ ಉಪವಾಸ ಹೊಸದಲ್ಲ, ಆದರೆ ಇವರದು ವ್ರತವಾಗಿರಲಿಲ್ಲ. ಶನಿವಾರದ ಪಂದ್ಯದ ಬಳಿಕ ದೇಹವನ್ನು ಹಗುರಗೊಳಿಸುವ ಉಪಾಯವಾಗಿತ್ತು. ಇಂದಿನ ಕ್ಲಬ್ಬುಗಳಲ್ಲಿ ಇದಕ್ಕೆಲ್ಲ ತಜ್ಞರಿದ್ದಾರೆ. ಅಂದು ಸಹ ಆಟಗಾರರು ಇದನ್ನು ವಿಚಿತ್ರವೆಂದೇ ಕಂಡಿದ್ದರು.

ಮರಳಿ ಸ್ಟೋಕ್‌ಗೆ

1961ರ ಜನವರಿಯಲ್ಲಿ ಸಂಬಳದ ಮೇಲ್ಮಿತಿ ರದ್ದಾಯಿತು. ಅಷ್ಟರವರೆಗೆ ಗರಿಷ್ಠ ಸಂಬಳ ವಾರಕ್ಕೆ 20 ಪೌಂಡ್ ಆಗಿತ್ತು. ಕೆಲವೇ ತಿಂಗಳಲ್ಲಿ ಫುಲ್‌ಹ್ಯಾಮ್ ಕ್ಲಬ್ಬಿನ ಜಾನಿ ಹೇಯ್ನ್ಸ್ ವಾರಕ್ಕೆ ನೂರು ಪೌಂಡ್ ಪಡೆಯತೊಡಗಿದರು. ಮ್ಯಾಥ್ಯೂಸ್ ಅವರಿಗೆ ಆಗ 46. ತಮ್ಮ ಬದುಕಿನ ಬಹುಪಾಲನ್ನು ಹಳೆಯ ಮಿತಿಯಲ್ಲೇ ದುಡಿದು ಕಳೆದಿದ್ದರು.

ಎರಡನೆಯ ವಿಭಾಗದಲ್ಲಿ ಸೊರಗಿದ್ದ ಸ್ಟೋಕ್ ಸಿಟಿಯ ವ್ಯವಸ್ಥಾಪಕ ಟೋನಿ ವಾಡಿಂಗ್ಟನ್ ಆ ವರ್ಷದ ಅಕ್ಟೋಬರ್‌ನಲ್ಲಿ ಅವರನ್ನು ಮರಳಿ ಕರೆತಂದರು. ಹಿಂದಿನ ತವರು ಪಂದ್ಯಕ್ಕೆ ಬಂದಿದ್ದ ಪ್ರೇಕ್ಷಕರು ಎಂಟು ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಮ್ಯಾಥ್ಯೂಸ್ ಆಡಿದ ಹಡರ್ಸ್‌ಫೀಲ್ಡ್ ವಿರುದ್ಧದ ಪಂದ್ಯಕ್ಕೆ ಬಂದವರು 35 ಸಾವಿರಕ್ಕೂ ಮಿಕ್ಕು. ಸ್ಟೋಕ್ 3-0ರಿಂದ ಗೆದ್ದಿತು. 1938ರಲ್ಲಿ ಸಭೆ ಸೇರಿದವರ ಮಕ್ಕಳು ಈಗ ಪ್ರೇಕ್ಷಕರ ಸಾಲಿನಲ್ಲಿದ್ದರು.

1963ರ ಮೇ ತಿಂಗಳಲ್ಲಿ ಲೂಟನ್ ವಿರುದ್ಧ ಗೆದ್ದು ಸ್ಟೋಕ್ ಎರಡನೆಯ ವಿಭಾಗದ ಪ್ರಶಸ್ತಿ ಪಡೆಯಿತು. ಆ ಪಂದ್ಯದಲ್ಲಿ 48ರ ಮ್ಯಾಥ್ಯೂಸ್ ಗೋಲ್‌ಕೀಪರನನ್ನೂ ದಾಟಿ ಗೋಲು ಗಳಿಸಿದರು. ಸರಿಯಾಗಿ ಮೂವತ್ತು ವರ್ಷಗಳ ಹಿಂದೆ ಇದೇ ಕ್ಲಬ್ಬಿನೊಂದಿಗೆ ಇದೇ ಪ್ರಶಸ್ತಿಯನ್ನು ಅವರು ಗೆದ್ದಿದ್ದರು. ವರ್ಷದ ಆಟಗಾರ ಪ್ರಶಸ್ತಿ ಮತ್ತೆ ಅವರಿಗೆ ಬಂತು. 1965ರ ಹೊಸವರ್ಷದ ಗೌರವಗಳಲ್ಲಿ ಸರ್ ಪದವಿ ದೊರೆಯಿತು. ಆಡುತ್ತಿರುವಾಗಲೇ ಆ ಪದವಿ ಪಡೆದ ಮೊದಲ ಫುಟ್‌ಬಾಲ್ ಆಟಗಾರರು ಅವರು. ಐವತ್ತು ತುಂಬಿ ಐದು ದಿನಗಳಾದ ಬಳಿಕ, ಫೆಬ್ರುವರಿ 6ರಂದು, ಫುಲ್‌ಹ್ಯಾಮ್ ವಿರುದ್ಧ ಕೊನೆಯ ಲೀಗ್ ಪಂದ್ಯ ಆಡಿದರು. ಸ್ಟೋಕ್ 3-1ರಿಂದ ಗೆದ್ದಿತು. ಏಪ್ರಿಲ್ 28ರ ಬೀಳ್ಕೊಡುಗೆ ಪಂದ್ಯದ ಕೊನೆಯಲ್ಲಿ ಹಂಗೇರಿಯ ಪುಷ್ಕಾಷ್ ಮತ್ತು ಸೋವಿಯತ್ ಒಕ್ಕೂಟದ ಗೋಲ್‌ಕೀಪರ್ ಯಾಶಿನ್ ಅವರನ್ನು ಹೆಗಲ ಮೇಲೆ ಹೊತ್ತು ಮೈದಾನದಿಂದ ಕರೆದೊಯ್ದರು. ತಾವು ಎರಡು ವರ್ಷ ಮೊದಲೇ ನಿವೃತ್ತರಾದೆವೆಂದು ಮ್ಯಾಥ್ಯೂಸ್ ಮುಂದೆ ಹಲವು ಬಾರಿ ಹಳಹಳಿಸಿದ್ದುಂಟು.

ನಂತರದ ಜೀವನ

ವ್ಯವಸ್ಥಾಪಕರಾಗಿ ಅವರು ಯಶಸ್ವಿಯಾಗಲಿಲ್ಲ. ಅವರ ಕಾಲದಲ್ಲಿ ಪೋರ್ಟ್ ವೇಲ್ ಕ್ಲಬ್ಬು ಆಟಗಾರರಿಗೆ ನಿಯಮಬಾಹಿರವಾಗಿ ಹಣ ಕೊಟ್ಟ ಕಾರಣಕ್ಕೆ 1968ರಲ್ಲಿ ಲೀಗ್‌ನಿಂದ ಹೊರಹಾಕಲ್ಪಟ್ಟಿತು. ಮತದಾನದ ಮೂಲಕ ಕೂಡಲೇ ಮರಳಿ ಸೇರಿಸಿಕೊಳ್ಳಲಾಯಿತು. ಮ್ಯಾಥ್ಯೂಸ್ ಅಲ್ಲಿಂದ ಹೊರನಡೆದು ಕೆಲವು ವರ್ಷ ಮಾಲ್ಟಾದಲ್ಲಿ ನೆಲೆಸಿದರು.

ಅವರ ಬದುಕಿನ ಹೆಚ್ಚು ಸಾರ್ಥಕ ಭಾಗ ಆಫ್ರಿಕಾಕ್ಕೆ ಸಂಬಂಧಿಸಿದ್ದು. 1950ರ ದಶಕದಿಂದ ಬೇಸಿಗೆಯ ಬಿಡುವಿನಲ್ಲಿ ಅಲ್ಲಿಗೆ ಹೋಗಿ ಮಕ್ಕಳಿಗೆ ಆಟ ಕಲಿಸುತ್ತಿದ್ದರು. ವರ್ಣಭೇದ ನೀತಿ ಕಠಿಣವಾಗಿದ್ದ 1975ರಲ್ಲಿ ದಕ್ಷಿಣ ಆಫ್ರಿಕಾದ ಸೊವೆಟೊದ ಕಪ್ಪು ಶಾಲಾ ಬಾಲಕರ ತಂಡವೊಂದನ್ನು ಕಟ್ಟಿ, ಬ್ರೆಜಿಲ್ ಪ್ರವಾಸಕ್ಕೆ ಕರೆದೊಯ್ದರು. ಸ್ಟ್ಯಾನ್ಸ್ ಮೆನ್ ಎಂಬುದು ಆ ತಂಡದ ಹೆಸರು. ಮಗ ಸ್ಟಾನ್ಲಿ ಜೂನಿಯರ್ ಟೆನಿಸ್ ಆರಿಸಿಕೊಂಡು 1962ರಲ್ಲಿ ವಿಂಬಲ್ಡನ್ ಬಾಲಕರ ಪ್ರಶಸ್ತಿ ಗೆದ್ದಿದ್ದರು.

ಮ್ಯಾಥ್ಯೂಸ್ 2000ದ ಫೆಬ್ರುವರಿ 23ರಂದು ತಮ್ಮ 85ನೆಯ ವಯಸ್ಸಿನಲ್ಲಿ ನಿಧನರಾದರು. ಅಂದು ಸಂಜೆ ವೆಂಬ್ಲಿಯಲ್ಲಿ ಇಂಗ್ಲೆಂಡ್ ಮತ್ತು ಅರ್ಜೆಂಟೀನಾ ಪಂದ್ಯಕ್ಕೆ ಮೊದಲು ಮೌನಾಚರಣೆ ನಡೆಯಿತು. ಸ್ಟೋಕ್ ನಗರದ ಬೀದಿಗಳಲ್ಲಿ ಅಂತಿಮಯಾತ್ರೆಯನ್ನು ನೋಡಲು ಸುಮಾರು ಒಂದು ಲಕ್ಷ ಜನ ನಿಂತಿದ್ದರು. ಅವರ ಚಿತಾಭಸ್ಮವನ್ನು ಸ್ಟೋಕ್ ಸಿಟಿ ಕ್ರೀಡಾಂಗಣದ ಮಧ್ಯವೃತ್ತದ ಕೆಳಗೆ ಹೂಳಲಾಗಿದೆ. ಕ್ರೀಡಾಂಗಣದ ಹೊರಗೆ, ಅವರ ಆಟದ ಬದುಕಿನ ಮೂರು ಘಟ್ಟಗಳನ್ನು ತೋರಿಸುವ ಮೂರು ಪ್ರತಿಮೆಗಳಿವೆ.